ಲೀನಾಳ ಪಕ್ಕದ ಖಾಲಿ ಜಾಗ

ಈ ಕಥೆಯನ್ನು ಮೊದಲು ಹೇಳಿದವನು ಅರ್ವಿಡ್ ಟ್ವೇಟ್. ಹೇಳಿದ್ದು ಸಾವಿರದ ಒಂಬೈನೂರ ಎಂಬತ್ತನಾಲ್ಕರ ಅಕ್ಟೋಬರ್ ಹದಿಮೂರು, ಶನಿವಾರ. ಅಯೋವಾದಲ್ಲಿ ಬ್ಯಾಡ್ಜರ್ ಹೊಳೆಯ ದಂಡೆಗಿರುವ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ, ಸುಗ್ಗಿಯೂಟ ಮುಗಿದು ಕಾಫಿ ಬರುವ ಹೊತ್ತಿಗೆ. ಹೇಳಿದ ಎನ್ನುವುದೂ ಹೆಚ್ಚೇ. ಅರ್ವಿಡ್ ಮಾತಿನ ಮನುಷ್ಯನಲ್ಲ. ಮದುವೆಯ ದಿನ ಪಾದ್ರಿಗೆ "ಹೂಂ" ಅಂದದ್ದೇ ಅವನ ಜೀವಮಾನದ ದೊಡ್ಡ ಭಾಷಣ ಎಂದು ನಮ್ಮಲ್ಲಿ ನಗುತ್ತಿದ್ದರು.

ಅಂದು ತೀರ್ಮಾನವಾಗಬೇಕಿದ್ದ ವಿಷಯ ಎಲ್ಲರಿಗೂ ಗೊತ್ತಿತ್ತು. ಚರ್ಚಿನ ಹಿಂದಿನ ಸಮಾಧಿ ಬಯಲಿನ ಉತ್ತರ ಮೂಲೆಯಲ್ಲಿ ಹುಲ್ಲು ಎದೆಯೆತ್ತರ ನಿಂತಿತ್ತು. ಅದನ್ನು ಮೊದಲಿನ ಹಾಗೆ ನುಣ್ಣಗೆ ಕತ್ತರಿಸುವುದೋ ಬಿಡುವುದೋ? ಅರ್ವಿಡ್ ಎದ್ದು ನಿಂತ. ಕೋಟಿನ ಜೇಬಿನಿಂದ ಕಾಗದಗಳನ್ನು ತೆಗೆದ. ಎದುರಿಗೆ ಕೂತಿದ್ದ ತಂಗಿ ಬರ್ಗಿಟ್‌ಗೆ, "ನಿಂದೂ ತೆಗಿ" ಅಂದ. ಅವಳು ಬರೆದದ್ದನ್ನು ಅವನು ಓದಿದ, ಅವನು ಬರೆದದ್ದನ್ನು ಅವಳು ಓದಿದಳು. ಹೂಜಿ ಹಿಡಿದು ನಿಂತಿದ್ದ ನಾನು ಕಾಫಿ ಸುರಿಯುವುದನ್ನೇ ಮರೆತೆ. ಆಮೇಲೆ ಬರ್ಗಿಟ್ ನನಗೆ ಪ್ರತಿ ಮಾಡಿಕೊಳ್ಳಲು ಕೊಟ್ಟಳು. ಆ ಕಾಗದಗಳು ಇವು.

ಫೆಬ್ರವರಿ 12, 1984

ಪ್ರೀತಿಯ ಅಣ್ಣ,

ಕಾಲೇಜಿಗೆ ಬಂದು ನಾಲ್ಕು ವಾರವಾಯಿತು. ನಲವತ್ತಮೂರನೇ ವಯಸ್ಸಿಗೆ ನಿನ್ನ ತಂಗಿ ಹತ್ತೊಂಬತ್ತರ ಮಕ್ಕಳ ನಡುವೆ ಕೂತಿದ್ದಾಳೆ. ಮೊದಲ ದಿನ ನಾನು ಒಳಗೆ ಹೋದ ಕೂಡಲೇ ಎಲ್ಲರೂ ಮಾತು ನಿಲ್ಲಿಸಿದರು, ಟೀಚರ್ ಬಂದರು ಅಂತ. ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಾಗ ಒಬ್ಬಳು, "ಆಂಟಿ, ನಿಮ್ಮ ಮಗ ಯಾವ ಕ್ಲಾಸು?" ಅಂದಳು. "ನಾನೇ ಕಣಮ್ಮ ಕ್ಲಾಸಿಗೆ ಬಂದಿರೋದು" ಅಂದೆ.

ಮಿಕ್ಕ ಪಾಠಗಳು ಹೇಗೋ ನಡೆಯುತ್ತಿವೆ. ಇಕಾಲಜಿ ಮಾತ್ರ ನನ್ನನ್ನು ಹಿಡಿದುಬಿಟ್ಟಿದೆ. ಯಾವ ಜೀವ ಯಾವುದನ್ನು ನೆಚ್ಚಿಕೊಂಡು ಬದುಕುತ್ತದೆ ಎನ್ನುವ ಪಾಠ. ಹೊಲುಬ್ ಮೇಷ್ಟ್ರು ಮೊನ್ನೆ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಏನನ್ನೋ ಸುತ್ತಿಟ್ಟುಕೊಂಡು ಬಂದರು. ಹಗ್ಗ ಅಂದುಕೊಂಡೆ. ನಾಲ್ಕು ಹುಡುಗರನ್ನು ಕರೆದು ಬಿಡಿಸಿ ಅಂದರು. ಬಿಡಿಸುತ್ತಾ ಹೋದರು, ಬಾಗಿಲು ದಾಟಿದರು. ಒಂದು ಗಿಡದ ಬೇರು ಅಣ್ಣ! ಹನ್ನೆರಡು ಅಡಿ. ಗಿಡವೋ ನನ್ನ ಮೊಣಕಾಲಿಗೆ ಬರುವಷ್ಟು. "ನಮ್ಮ ಸೀಮೆಯ ಹುಲ್ಲುಬಯಲು ಮೇಲೆ ಕಾಣೋದು ಕಾಲುಭಾಗ. ಮುಕ್ಕಾಲು ನಾವು ಯಾವತ್ತೂ ನೋಡೇ ಇಲ್ಲ" ಅಂದರು ಮೇಷ್ಟ್ರು.

ಎಲೆ ನೋಡಿದ ಕೂಡಲೇ ಗುರುತು ಸಿಕ್ಕಿತು. ಅಪ್ಪ ಬೂಟುದಾರ ಅನ್ನುತ್ತಿದ್ದರಲ್ಲ, ನೇಗಿಲಿಗೆ ಸಿಕ್ಕರೆ ಪಟಪಟ ಹರಿಯುತ್ತಿತ್ತಂತೆ, ಅದೇ. ಹೋದ ಬೇಸಿಗೆ ಲೀನಾ ಅತ್ತಿಗೆಯ ಸಮಾಧಿಗೆ ಹೂ ಇಡಲು ಬಂದಾಗ ಪಕ್ಕದ ಖಾಲಿ ಜಾಗದಲ್ಲಿ ಅಂಥದೇ ಎಲೆ ನೆಲಕ್ಕಂಟಿಕೊಂಡಿತ್ತು. ಆ ಮೂಲೆಗೆ ನೇಗಿಲು ಬಿದ್ದೇ ಇಲ್ಲವಲ್ಲ?

ಇತಿ ನಿನ್ನ ತಂಗಿ
ಬರ್ಗಿಟ್

ಫೆಬ್ರವರಿ 19

ಬರ್ಗಿಟ್,

ಬಿದ್ದಿಲ್ಲ. ಹಿರಿಯರು ನಾರ್ವೆಯಿಂದ ಬಂದು ಇಳಿದ ವರ್ಷವೇ ಸಮಾಧಿಗೆಂದು ಬಿಟ್ಟ ನೆಲ ಅದು. ಆ ಎಲೆ ಇದೆ. ಇಪ್ಪತ್ತಾರು ವರ್ಷದಿಂದ ಶನಿವಾರ ಶನಿವಾರ ಕತ್ತರಿಸುತ್ತಿದ್ದೇನೆ. ಮಂಗಳವಾರಕ್ಕೆ ಮತ್ತೆ ಇರುತ್ತದೆ. ಯಾಕೆ ಕೇಳಿದೆ?

ಹಂದಿ ಹನ್ನೊಂದು ಮರಿ ಹಾಕಿದೆ.

ಅರ್ವಿಡ್

ಏಪ್ರಿಲ್ 8

ಪ್ರೀತಿಯ ಅಣ್ಣ,

ಯಾಕೆ ಕೇಳಿದೆ ಅಂದೆಯಲ್ಲ. ಹೇಳಲು ಏಳು ವಾರ ಧೈರ್ಯ ಬರಲಿಲ್ಲ.

ಕೋರ್ಸಿಗೆ ಪ್ರತಿಯೊಬ್ಬರೂ ಒಂದು ತುಂಡು ನೆಲವನ್ನು ಒಂದು ಬೇಸಿಗೆ ನೋಡಿ ಬರೆಯಬೇಕು. ಹುಡುಗರು ಕಾಲೇಜಿನ ಹಿಂದಿನ ಕೆರೆ, ಪಾರ್ಕು ಅಂತೆಲ್ಲ ಹೆಸರು ಕೊಟ್ಟರು. ನಾನು ನಮ್ಮ ಸಮಾಧಿ ಬಯಲಿನ ಉತ್ತರ ಮೂಲೆ ಅಂದೆ. ಮೇಷ್ಟ್ರು ಕೈಲಿದ್ದ ಚಾಕ್‌ಪೀಸನ್ನು ಕೆಳಗಿಟ್ಟರು. ಈ ಜಿಲ್ಲೆಯಲ್ಲಿ ನೇಗಿಲು ಕಾಣದ ನೆಲ ಈಗ ಒಂದು ಅಡುಗೆಮನೆಯಷ್ಟೂ ಉಳಿದಿಲ್ಲ ಎಂದುಕೊಂಡಿದ್ದರಂತೆ. "ಕತ್ತರಿಸೋದು ನಿಲ್ಲಿಸಿದ್ರೆ ಏನು ಬರುತ್ತೆ ಅಂತ ನನಗೂ ಗೊತ್ತಿಲ್ಲ ಬರ್ಗಿಟ್, ಯಾರಿಗೂ ಗೊತ್ತಿಲ್ಲ" ಅಂದರು. ನಲವತ್ತು ವರ್ಷ ಪಾಠ ಮಾಡಿದ ಮನುಷ್ಯ ಅದನ್ನು ಹುಡುಗನ ಹಾಗೆ ಹೇಳಿದರು.

ಆ ಮೂಲೆಯಲ್ಲಿ ಇನ್ನೂ ಅಗೆಯದ ಜಾಗಗಳು ಆರೋ ಏಳೋ ಇವೆ. ಅತ್ತಿಗೆಯ ಪಕ್ಕದ್ದೇ ಮೊದಲನೆಯದು. ಅದು ನಿನ್ನದು ಅಂತ ನನಗೆ ಗೊತ್ತು. ಒಂದು ಬೇಸಿಗೆ ಕತ್ತರಿಸದೆ ಬಿಡುತ್ತೀಯಾ?

ಬರ್ಗಿಟ್

ಏಪ್ರಿಲ್ 15

ಬರ್ಗಿಟ್,

ಇನ್ನೂ ಸಾಯದವನ ಮೇಲೆ ಕಳೆ ಬೆಳೆಸಿ ನೀನು ಪಾಸಾಗಬೇಕು. ಸರಿ, ನಗು ಬಂತು. ಈಗ ಆಗುವುದಿಲ್ಲ ಎನ್ನುತ್ತೇನೆ.

ಮೇ ಕೊನೆಗೆ ಸತ್ತವರ ಸ್ಮರಣೆಯ ದಿನ ಎಲ್ಲರೂ ಕಾಫಿ ಡಬ್ಬಿಯಲ್ಲಿ ಪಿಯೋನಿ ಹೂ ತರುತ್ತಾರೆ. ಹುಲ್ಲು ಬೆಳೆದ ಸಮಾಧಿ ನಮ್ಮಲ್ಲಿ ಯಾರಿಗೂ ಬೇಡವಾದವರ ಸಮಾಧಿ. ಲೀನಾಳ ಪಕ್ಕ ಹಾಗೆ ಬಿಟ್ಟರೆ ಊರು ಏನೆಂದುಕೊಳ್ಳಬೇಕು?

ಇನ್ನೊಂದು. ಶನಿವಾರ ಹುಲ್ಲಿನ ಮಷಿನ್ ತಳ್ಳಿಕೊಂಡು ಹೋದರೆ ಅಲ್ಲಿ ಒಂದು ಗಂಟೆ ಇರುತ್ತೇನೆ. ಮಷಿನ್ ಇಲ್ಲದೆ ಸುಮ್ಮನೆ ಹೋಗಿ ನಿಲ್ಲುವುದು ನನಗೆ ಬರುವುದಿಲ್ಲ.

ಅರ್ವಿಡ್

ಏಪ್ರಿಲ್ 22, ಈಸ್ಟರ್

ಪ್ರೀತಿಯ ಅಣ್ಣ,

ನಿನ್ನ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಅತ್ತಿಗೆ ಹೋಗಿ ಒಂದೂವರೆ ವರ್ಷವಾಯಿತು. ನೀನು ಅವಳ ಬಗ್ಗೆ ನನಗೆ ಹೇಳಿದ ಮೊದಲ ಮಾತು ಅದು.

ಒಂದು ಪಾರ್ಸಲ್ ಕಳಿಸಿದ್ದೇನೆ. ನಾಲ್ಕು ಕೋಲು ಸೇರಿಸಿದ ಚೌಕಟ್ಟು, ಮೇಷ್ಟ್ರು ಕೊಟ್ಟ ಚಿತ್ರದ ಪುಸ್ತಕ, ಒಂದು ನೋಟುಬುಕ್ಕು. ಶನಿವಾರ ಅದೇ ಹೊತ್ತಿಗೆ ಚೌಕಟ್ಟನ್ನು ನಿನ್ನ ಜಾಗದ ಮೇಲೆ ಹಾಕು. ಒಳಗೆ ಎಷ್ಟು ಬಗೆಯ ಗಿಡ ಇದೆ ಎಣಿಸು, ಎತ್ತರ ಅಳೆ, ಬರೆ. ಸರಿಯಾಗಿ ಮಾಡಿದರೆ ಒಂದು ಗಂಟೆಯ ಮೇಲೇ ಹಿಡಿಯುತ್ತದೆ. ಕೈಯಲ್ಲಿ ಕೆಲಸ ಇದ್ದಂತಾಯಿತು. ಅತ್ತಿಗೆಯ ಮೇಲಿನದನ್ನು ನೀನು ಮೊದಲಿನ ಹಾಗೇ ಕತ್ತರಿಸಿಕೊಂಡಿರು, ಅದು ಬೇಡ ಎನ್ನಲು ನಾನು ಯಾರು?

ಬರ್ಗಿಟ್

ಜೂನ್ 3

ಬರ್ಗಿಟ್,

ಪಾರ್ಸಲ್ ಕೊಟ್ಟಿಗೆಯಲ್ಲಿ ಎರಡು ವಾರ ಬಿದ್ದಿತ್ತು. ಆಮೇಲೆ ಹೋದೆ. ಸಮಾಧಿ ಬಯಲಿನ ಮೇಲ್ವಿಚಾರಕ ಕ್ನೂಟ್ ಹೌಗ್ಲಂಡ್‌ನನ್ನು, ಮೂಲೆ ಕತ್ತರಿಸದೆ ಬಿಡಲೇ ಎಂದು ಕೇಳಿದೆ. "ಸುಗ್ಗಿಯೂಟದ ತನಕ ನೋಡೋಣ, ಆಮೇಲೆ ಹೇಳ್ತೀವಿ" ಅಂದ. ಯಾಕೆ ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿನ್ನೆ ಎಣಿಸಿದೆ. ಆರು ಬಗೆ ಇರಬಹುದೆಂದು ಕೂತವನು. ಹನ್ನೆರಡಾದ ಮೇಲೆ ತಪ್ಪಿದೆನೆಂದು ಮೊದಲಿಂದ ಎಣಿಸಿದೆ. ಇಪ್ಪತ್ತಮೂರು. ಬರ್ಗಿಟ್, ನಾನು ಮಲಗಬೇಕಾದ ಜಾಗದ ಒಂದು ಚೌಕದಲ್ಲಿ ಇಪ್ಪತ್ತಮೂರು ಬಗೆಯ ಜೀವ. ನನ್ನ ಐವತ್ತು ಎಕರೆ ಮೆಕ್ಕೆಜೋಳದ ಹೊಲದಲ್ಲಿ ಒಂದೇ.

ಒಂದು ಗಿಡದ ಎಲೆ ಅಂಗೈಗಿಂತ ದೊಡ್ಡದು, ನಿಂತ ಹಲಗೆಯ ಹಾಗೆ. ಎಲ್ಲ ಎಲೆಗಳ ಅಂಚೂ ಉತ್ತರ ದಕ್ಷಿಣಕ್ಕೇ ಇದೆ. ಚರ್ಚಿನ ಗೋಡೆಗೆ ಹೋಲಿಸಿ ನೋಡಿದೆ. ಗೋಡೆ ಕಟ್ಟಿದವರದು ಸ್ವಲ್ಪ ಓರೆ, ಗಿಡದ್ದು ನೇರ.

ಸ್ಮರಣೆಯ ದಿನ ಜನ ಬಂದರು, ನೋಡಿದರು, ಏನೂ ಅನ್ನಲಿಲ್ಲ. ಆ ವಾರ, ಸಾವಿನ ಮನೆಗೆ ತರುವ ಹಾಗೆ, ಮನೆಗೆ ಏಳು ಬೋಗುಣಿ ಊಟ ಬಂತು. ಪಾದ್ರಿ ಎರಡು ಸಲ ಬಂದು ನಿದ್ದೆ ಹೇಗೆ ಬರುತ್ತದೆ ಎಂದು ಕೇಳಿದರು. ಚೆನ್ನಾಗಿ ಬರುತ್ತದೆ ಅಂದೆ. ನಂಬಲಿಲ್ಲ.

ಅರ್ವಿಡ್

ಜೂನ್ 24

ಬರ್ಗಿಟ್,

ನಮ್ಮ ಪಕ್ಕದ ಹೊಲದ ಆರ್ವಿಲ್ ಸ್ಯಾಂಡ್ವಿಕ್ ಮೂಲೆಯನ್ನು ಕತ್ತರಿಸಿದ. ಶುಕ್ರವಾರ ನಾನು ಹಂದಿ ಮಾರಲು ಹೋಗಿದ್ದೆ. ನಿನ್ನೆ ಚೌಕಟ್ಟು ಹಿಡಿದು ಹೋದಾಗ ಇಡೀ ಮೂಲೆ ನುಣ್ಣಗಿತ್ತು. ಬೂಟುದಾರ ಮೊಗ್ಗು ಹಿಡಿದಿತ್ತು.

ಅವನು ಅಲ್ಲೇ ನಿಂತಿದ್ದ. "ನಿಂಗೆ ಈಚೆಗೆ ಆಗ್ತಿಲ್ಲ ಅಂತ ಕಾಣುತ್ತೆ ಅರ್ವಿಡ್. ಇರ್ಲಿ ಬಿಡು, ನಾನಿದೀನಿ" ಅಂದ.

ಥ್ಯಾಂಕ್ಸ್ ಅಂದೆ.

ಅರ್ವಿಡ್

(ಬರ್ಗಿಟ್ ಇದನ್ನು ಓದಿದಾಗ ಆರ್ವಿಲ್ ಮೂರನೇ ಮೇಜಿನಲ್ಲಿ ಕೂತಿದ್ದ. ಅವನ ಕಿವಿ ಕೆಂಪಾಗಿತ್ತು, ಕಣ್ಣು ಖಾಲಿ ಕಪ್ಪಿನೊಳಗಿತ್ತು. ನಮ್ಮಲ್ಲಿ ಒಬ್ಬನಿಗೆ ಕಷ್ಟ ಬಂದರೆ ಕೇಳುವುದಿಲ್ಲ. ಕೇಳಿದರೆ ಅವನಿಗೆ ಮುಜುಗರವಾಗುತ್ತದೆಂದು, ಅವನಿಲ್ಲದಾಗ ಹೋಗಿ ಕೆಲಸ ಮಾಡಿ ಮುಗಿಸಿ ಬರುತ್ತೇವೆ. ಹಾಗೆ ಬೆಳೆದವರು ನಾವು. ಆರ್ವಿಲ್‌ನ ಜಾಗದಲ್ಲಿ ನಮ್ಮಲ್ಲಿ ಯಾರಿದ್ದರೂ ಮಷಿನ್ ತೆಗೆಯುತ್ತಿದ್ದರು. ಅರ್ವಿಡ್ ತಲೆಯೆತ್ತದೆ ಮುಂದಿನ ಕಾಗದ ಬಿಡಿಸಿದ.)

ಜೂನ್ 28

ಅಣ್ಣ,

ಥ್ಯಾಂಕ್ಸ್ ಅಂದೆಯಾ! ಬಾಯಿ ಇದೆ ನಿನಗೆ, ಊಟಕ್ಕೆ ಬಿಟ್ಟು ಬೇರೆ ಯಾವುದಕ್ಕಾದರೂ ತೆರೆದಿದ್ದೀಯಾ? "ಆರ್ವಿಲ್, ಇದು ಬೇಕಂತಲೇ ಬಿಟ್ಟದ್ದು" ಅಂತ ಮೇ ತಿಂಗಳಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆರು ವಾರ ಇಡೀ ಊರು ನೀನು ಹೆಂಡತಿಯ ದುಃಖದಲ್ಲಿ ಕೆಟ್ಟು ಕೂತೆ ಅಂದುಕೊಳ್ಳಲಿ ಎಂದು ಬಿಟ್ಟೆ, ಗಿಡದ ಹೆಸರು ಹೇಳಲಿಲ್ಲ. ಅತ್ತಿಗೆ ಎಷ್ಟು ಸಲ ಹೇಳುತ್ತಿದ್ದಳು ನನಗೆ, "ನಿಮ್ಮಣ್ಣನ ಮನಸ್ಸಲ್ಲಿ ಏನಿದೆ ಅಂತ ತಿಳ್ಕೊಳ್ಳೋಕೆ ನಾನು ಹಸೂನ ಕೇಳ್ಬೇಕು" ಅಂತ.

ಬರ್ಗಿಟ್

ಜುಲೈ 15

ಪ್ರೀತಿಯ ಅಣ್ಣ,

ನೀನು ಬರೆಯಲಿಲ್ಲ. ಬರೆಯುವ ಹಾಗೆ ನಾನೂ ಬರೆದಿರಲಿಲ್ಲ. ಅತ್ತಿಗೆಯ ಹೆಸರು ಆ ಕಾಗದದಲ್ಲಿ ತರಬಾರದಿತ್ತು. ಪೆಟ್ಟಿಗೆಗೆ ಹಾಕಿದ ಮೇಲೆ ಪೋಸ್ಟಾಫೀಸಿನ ಮುಂದೆ ನಿಂತಿದ್ದೆ, ಕೈ ಹಾಕಿ ತೆಗೆಯಲು ಆಗುತ್ತದೇನೋ ಎಂದು.

ಮೇಷ್ಟ್ರಿಗೆ ಹೇಳಿದೆ, ಬೇರೆ ನೆಲ ಕೊಡಿ, ನಮ್ಮದು ಹೋಯಿತು ಅಂತ. ಅವರು ನಕ್ಕರು. "ಎಂಬತ್ತು ವರ್ಷದಿಂದ ಯಾರಾದ್ರೂ ಅದನ್ನ ಕತ್ತರಿಸ್ತಾನೇ ಇದಾರೆ. ಅದಕ್ಕೂ ಮೊದಲು ಕಾಡೆಮ್ಮೆ ಮೇಯ್ತಿತ್ತು, ಬೆಂಕಿ ಸುಡ್ತಿತ್ತು. ನಿಮ್ಮ ಆರ್ವಿಲ್ ಯಾವ ಲೆಕ್ಕ? ಹೋಗಿ ಎಣಿಸೋಕೆ ಹೇಳು" ಅಂದರು.

ಆಮೇಲೆ ಬೋರ್ಡಿನ ಮೇಲೆ ನೆಲ ಅಂತ ಒಂದು ಗೆರೆ ಎಳೆದರು. ಮೇಲೆ ಗೇಣುದ್ದದ ಗಿಡ. ಕೆಳಗೆ ಬೇರು ಎಳೆಯುತ್ತಾ ಎಳೆಯುತ್ತಾ ಬೋರ್ಡು ಮುಗಿದು, ಗೋಡೆಯ ಮೇಲೆ ಎಳೆದು, ಕೊನೆಗೆ ನೆಲದ ಮೇಲೆ ಕೂತು ಎಳೆದರು. ಸಮಾಧಿ ಅಗೆಯುವುದು ಆರಡಿ ಅಲ್ಲವಾ ಅಣ್ಣ? ಈ ಬೇರುಗಳು ಅದನ್ನೂ ದಾಟಿ ಕೆಳಗೆ ಹೋಗುತ್ತವೆ. ನಮ್ಮವರೆಲ್ಲ ಬರಿಯ ಮಣ್ಣಿನಲ್ಲಿಲ್ಲ, ಒಂದು ಕಾಡಿನ ನಡುವೆ ಮಲಗಿದ್ದಾರೆ. ನಾವು ಅದರ ಮಾಡಿನ ಮೇಲೆ ಓಡಾಡುತ್ತಿದ್ದೇವೆ. ನನಗೆ ಆವತ್ತು ಕ್ಲಾಸಿನಲ್ಲಿ ಕಾಲು ಊರಿ ನಡೆಯಲು ಭಯವಾಯಿತು.

ಬರ್ಗಿಟ್

ಆಗಸ್ಟ್ 19

ಬರ್ಗಿಟ್,

ನಿನ್ನ ಜೂನ್ ಕಾಗದದಲ್ಲಿ ಇದ್ದದ್ದೆಲ್ಲ ನಿಜ. ಹಸು ಸೇರಿದಂತೆ.

ಎಣಿಸುವುದನ್ನು ನಾನು ಬಿಟ್ಟಿರಲಿಲ್ಲ. ಆರ್ವಿಲ್‌ಗೆ ಮಾತ್ರ ಒಂದು ಮಾತು ಹೇಳಿದೆ. "ಇನ್ಮೇಲೆ ಬೇಡ ಆರ್ವಿಲ್" ಅಂದೆ. "ಯಾಕೆ?" ಅಂದ. ಹೇಳಲು ಹೊರಟೆ, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಸರಿ ಅಂತ ಹೋದ.

ಕತ್ತರಿಸಿದ ನಾಲ್ಕನೇ ದಿನ ಎಲ್ಲ ಚಿಗುರಿತ್ತು. ಮಳೆ ಇಲ್ಲ, ಇಪ್ಪತ್ತು ದಿನ ಬಿಸಿಲು. ಜೋಳದ ಎಲೆ ಸುರುಳಿ ಸುತ್ತಿತು. ಚರ್ಚಿನ ಮುಂದಿನ ಹುಲ್ಲು ಕಂದಿತು. ಆ ಮೂಲೆ ಮಾತ್ರ ಹಸಿರು. ನೀನು ಬರೆದ ಬೋರ್ಡಿನ ಚಿತ್ರ ಆಗ ತಿಳಿಯಿತು.

ಈಗ ಕೇಳು. ನೇರಳೆ ಬಣ್ಣದ ಒಂದು ಹೂ ಬಂದಿದೆ. ಕೋಲಿನ ಹಾಗೆ ನೆಟ್ಟಗೆ, ನನ್ನ ಸೊಂಟದ ಎತ್ತರ. ನಾನು ಕಂಡ ಹೂಗೊಂಚಲೆಲ್ಲ ಬುಡದಿಂದ ಅರಳುತ್ತಾ ಮೇಲೆ ಹೋಗುತ್ತದೆ. ಇದು ತುದಿಯಿಂದ ಅರಳಿ ಕೆಳಗಿಳಿಯುತ್ತದೆ. ಮೊನ್ನೆ ಒಂದೇ ಕಡ್ಡಿಯ ಮೇಲೆ ಒಂಬತ್ತು ಚಿಟ್ಟೆ. ಐವತ್ತೆರಡು ವರ್ಷ ಈ ಊರಲ್ಲಿದ್ದೇನೆ, ನೋಡಿರಲಿಲ್ಲ. ನೋಡದೆ ಹೇಗಿರುತ್ತದೆ? ಅದು ಅಲ್ಲೇ ಇತ್ತು. ಎಲೆ ಎತ್ತಿದಾಗಲೆಲ್ಲ ನಾನು ಕತ್ತರಿಸಿದೆ, ನನಗಿಂತ ಮುಂಚೆ ಅಪ್ಪ. ಒಂದು ಸಲವೂ ಹೂ ಬಿಡಲು ಕೊಡಲಿಲ್ಲ. ಆದರೂ ಕಾದಿತ್ತು. ಟೋಪಿ ತೆಗೆದು ಕೂತೆ. ಎಷ್ಟು ಹೊತ್ತು ಕೂತೆನೋ, ಹಾಲು ಕರೆಯುವ ಹೊತ್ತು ಮೀರಿತ್ತು.

ಅರ್ವಿಡ್

ಸೆಪ್ಟೆಂಬರ್ 9

ಬರ್ಗಿಟ್,

ಇದನ್ನು ಯಾರಿಗೂ ಹೇಳುವುದು ಬೇಡ ಎಂದುಕೊಂಡಿದ್ದೆ.

ನನ್ನ ಚೌಕದಲ್ಲಿ ಮೊದಲಿಂದಲೂ ಇದ್ದ, ನೋಟುಬುಕ್ಕಿನಲ್ಲಿ ಏಳನೆಯದಾಗಿ ಬರೆದ ಗಿಡ, ಬೆಳ್ಳಿಯ ಬಣ್ಣದ ಎಲೆ, ತಿಕ್ಕಿದರೆ ಗಮ್ಮೆನ್ನುತ್ತದೆ. ಲೀನಾಳ ಮೇಲಿನದನ್ನು ನಾನು ಜುಲೈನಿಂದ ಕತ್ತರಿಸಿಲ್ಲ. ಯಾಕೆಂದು ಕೇಳಬೇಡ, ಕೈ ಬರಲಿಲ್ಲ. ನಿನ್ನೆ ನೋಡಿದರೆ ಅವಳ ಮೇಲೂ ಆ ಬೆಳ್ಳಿ ಗಿಡ. ಹದಿನಾಲ್ಕು ಚಿಗುರು. ಆ ಮಣ್ಣು ಎಂಬತ್ತೆರಡರಲ್ಲಿ ಅಗೆದು ತಲೆಕೆಳಗಾದದ್ದು, ಅಲ್ಲಿ ಹಳೆಯ ಬೇರು ಇರಲಾರದು. ಬೀಜ ಬಿದ್ದಿರಬೇಕೆಂದು ಬೆರಳಿನಿಂದ ಮಣ್ಣು ಸರಿಸಿದೆ. ಬೀಜವಲ್ಲ. ದಾರದಂಥ ಬೇರು, ಮಣ್ಣಿನೊಳಗೆ ಅಡ್ಡಕ್ಕೆ ಹೋಗಿತ್ತು. ಹಿಂಬಾಲಿಸುತ್ತಾ ಬಂದೆ. ನನ್ನ ಜಾಗದಿಂದ ಹೊರಟಿದೆ.

ಎರಡು ವರ್ಷದಿಂದ ಹೋಗುತ್ತಿದ್ದಿರಬೇಕು. ಮೇಲೆ ಬಂದಾಗಲೆಲ್ಲ ನಾನೇ ಕತ್ತರಿಸುತ್ತಿದ್ದೆ.

ಮಣ್ಣು ಮೊದಲಿನ ಹಾಗೆ ಮುಚ್ಚಿದೆ. ಇದನ್ನು ನೋಟುಬುಕ್ಕಿನಲ್ಲಿ ಎಲ್ಲಿ ಬರೆಯಬೇಕೋ ನಿಮ್ಮ ಮೇಷ್ಟ್ರನ್ನು ಕೇಳು.

ಅರ್ವಿಡ್

ಸೆಪ್ಟೆಂಬರ್ 16

ಪ್ರೀತಿಯ ಅಣ್ಣ,

ನೀನು ಯಾರಿಗೂ ಹೇಳುವುದು ಬೇಡ ಅಂದಿದ್ದೆ, ಆದರೆ ಮೇಷ್ಟ್ರನ್ನು ಕೇಳು ಅಂದೆಯಲ್ಲ, ಕಾಗದವನ್ನೇ ಕೊಟ್ಟೆ. ಎರಡು ಸಲ ಓದಿದರು. "ನಿಮ್ಮಣ್ಣ ಎಲ್ಲಿ ಓದಿದ್ದು?" ಅಂದರು. "ಎಂಟನೇ ಕ್ಲಾಸು ಸಾರ್, ಹಳ್ಳಿ ಸ್ಕೂಲು" ಅಂದೆ. ಕನ್ನಡಕ ತೆಗೆದು ಕಿಟಕಿಯ ಆಚೆ ನೋಡುತ್ತಾ ನಿಂತರು. ಆಮೇಲೆ, "ಅದನ್ನ ಎಲ್ಲಿ ಬರೀಬೇಕು ಅಂತ ನನಗೂ ಗೊತ್ತಿಲ್ಲ. ಎಲ್ಲಾದರೂ ಬರೀಲಿ, ಬರೀದೆ ಮಾತ್ರ ಇರಬಾರದು" ಅಂದರು.

ಸುಗ್ಗಿಯೂಟಕ್ಕೆ ಬರುತ್ತೇನೆ. ಕ್ನೂಟ್ ಮತ್ತು ಮಿಕ್ಕವರಿಗೆ ನಾನೇ ವಿವರಿಸುತ್ತೇನೆ, ಚಿತ್ರ ಬರೆದುಕೊಂಡಿದ್ದೇನೆ. ನೀನು ಸುಮ್ಮನೆ ಕೂತಿರು ಸಾಕು.

ಇತಿ ನಿನ್ನ ತಂಗಿ
ಬರ್ಗಿಟ್

ಅಲ್ಲಿಗೆ ಕಾಗದಗಳು ಮುಗಿದವು. ಬರ್ಗಿಟ್ ತಂದಿದ್ದ ಚಿತ್ರದ ಸುರುಳಿ ಅವಳ ತೊಡೆಯ ಮೇಲೇ ಇತ್ತು, ಬಿಚ್ಚಲಿಲ್ಲ. ಅರ್ವಿಡ್ ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು, "ಅಷ್ಟೇ" ಎಂದು ಕೂತ.

ಎಲ್ಲರೂ ಕ್ನೂಟ್‌ನ ಮುಖ ನೋಡಿದರು. ಕೈಯೆತ್ತಿಸಿ ಕೇಳಬೇಕಾದವನು ಅವನು. ಅವನು ಗಂಟಲು ಸರಿಮಾಡಿಕೊಂಡು, "ಕಾಫಿ ಇನ್ನೂ ಇದ್ಯಾ?" ಅಂದ. ಸುರಿದೆ. ಕುಡಿದರು. ಹೆಂಗಸರು ಬೋಗುಣಿ ಎತ್ತಿದರು, ಗಂಡಸರು ಕುರ್ಚಿ ಮಡಚಿದರು, ಕೋಟು ಹಾಕಿಕೊಂಡು ಒಬ್ಬೊಬ್ಬರೇ ಹೊರಟರು. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದ ಬರ್ಗಿಟ್‌ಳ ಕಣ್ಣು ತುಂಬಿತ್ತು. "ಸೋತ್ವಿ ಕಣೇ" ಅಂದಳು ನನಗೆ. "ಒಬ್ಬರಾದ್ರೂ ಒಂದು ಮಾತು ಅಂದ್ರಾ?"

ಮಾರನೆಯ ದಿನ ಭಾನುವಾರ. ಪ್ರಾರ್ಥನೆ ಒಂಬತ್ತಕ್ಕೆ. ನಾನು ಎಂಟಕ್ಕೆ ಹೋದೆ. ನನಗಿಂತ ಮುಂಚೆ ಹದಿನಾರು ಕಾರು ನಿಂತಿದ್ದವು. ಚರ್ಚಿನೊಳಗೆ ಯಾರೂ ಇರಲಿಲ್ಲ. ಎಲ್ಲರೂ ಹಿಂದೆ ಉತ್ತರ ಮೂಲೆಯಲ್ಲಿದ್ದರು, ಭಾನುವಾರದ ಬಟ್ಟೆಯಲ್ಲೇ, ಕಾಗದದ ಚೀಲ ಹಾಸಿ ಅದರ ಮೇಲೆ ಮೊಣಕಾಲೂರಿ. ಕೆಲವರ ಕೈಯಲ್ಲಿ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ, ಕೆಲವರ ಕೈಯಲ್ಲಿ ಬಟ್ಟೆ ಕತ್ತರಿ. ಹೆಸರು ಓದಲು ಆಗುವಷ್ಟು, ಕಲ್ಲಿನ ಮುಂದಿನ ಒಂದು ಗೇಣು ಹುಲ್ಲನ್ನು ಮಾತ್ರ ತೆಗೆಯುತ್ತಿದ್ದರು. ಮಿಕ್ಕದ್ದು ಹಾಗೇ ನಿಂತಿತ್ತು. ಮಷಿನ್ ಯಾರೂ ತಂದಿರಲಿಲ್ಲ. ಕ್ನೂಟ್ ಹೌಗ್ಲಂಡ್ ತನ್ನ ತಾಯಿಯ ಕಲ್ಲಿನ ಮುಂದಿದ್ದ. ಅದೇ ಕೈಯೆತ್ತಿದ ಲೆಕ್ಕ.

ಆರ್ವಿಲ್ ಸ್ಯಾಂಡ್ವಿಕ್ ಲೀನಾಳ ಕಲ್ಲಿನ ಮುಂದೆ ಕೂತಿದ್ದ. ಕತ್ತರಿ ತೆರೆದಿತ್ತು, ಕತ್ತರಿಸಿರಲಿಲ್ಲ. ಅರ್ವಿಡ್ ಬಂದು ಹಿಂದೆ ನಿಂತ.

"ಇದನ್ನ ಬಿಡ್ಬೇಕಾ?" ಅಂದ ಆರ್ವಿಲ್, ತಿರುಗದೆ.

"ಬಿಡು."

"ಇದನ್ನ?"

"ಅದು ಬರೀ ಗರಿಕೆ, ತೆಗಿ."

"ಮತ್ತೆ ಇದೇನು?"

ಅರ್ವಿಡ್ ಅವನ ಪಕ್ಕ ಮೊಣಕಾಲೂರಿದ. ಅದು ಏನೆಂದು ಹೇಳಿದ. ಅದರ ಪಕ್ಕದ್ದನ್ನೂ ಹೇಳಿದ. ಅದರ ಬೇರು ಎಷ್ಟು ಕೆಳಗೆ ಹೋಗುತ್ತದೆ, ಹೂವಿಗೆ ಯಾವ ಹುಳ ಬರುತ್ತದೆ, ಜೂನ್‌ನಲ್ಲಿ ಎಷ್ಟೆತ್ತರ ಇತ್ತು, ಎಲ್ಲವನ್ನೂ ಒಂದರ ಹಿಂದೆ ಒಂದು. ಅಕ್ಕಪಕ್ಕದ ಕಲ್ಲುಗಳ ಮುಂದೆ ಇದ್ದವರು ಕತ್ತರಿ ನಿಲ್ಲಿಸಿ ಕೇಳಿದರು. ಪಾದ್ರಿಯೂ ಬಂದು ನಿಂತರು. ಆ ಭಾನುವಾರ ಚರ್ಚಿನ ಗಂಟೆ ನಲವತ್ತು ನಿಮಿಷ ತಡವಾಗಿ ಹೊಡೆಯಿತು. ಹೊಡೆಯಬೇಕಾದವನೂ ಅಲ್ಲೇ ಮೊಣಕಾಲೂರಿ ಕೂತಿದ್ದ.